ಅಜೇಲಿಯಾ ಎಲೆ ಹಳದಿಯಾದರೆ ಮೊದಲು ನೀರು ನೋಡಿ

ಅಜೇಲಿಯಾ ಎಂಬ ಹೂಗಿಡದ ಕುರಿತ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ. ರೋಡೊಡೆಂಡ್ರಾನ್, ಹೀದರ್, ಬ್ಲೂಬೆರಿ ಇವೆಲ್ಲ ಇದರ ದಾಯಾದಿಗಳು, ಎರಿಕೇಸಿ ಕುಟುಂಬದವು. ಇವಕ್ಕೆ ಬೇಕಾದ್ದು ಹುಳಿ ಮಣ್ಣು, ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5ರೊಳಗೆ. ಆಗದ್ದು ಸುಣ್ಣ. ಕೆಳಗಿನ ದೂರುಗಳಲ್ಲಿ ಹಲವು ಹುಟ್ಟಿರುವುದು ಇಲ್ಲಿಂದಲೇ.

ಪ್ರಶ್ನೆ: ಊಟಿಯಿಂದ ತಂದ ಗುಲಾಬಿ ಬಣ್ಣದ ಅಜೇಲಿಯಾ ನಮ್ಮ ತಾರಸಿಯಲ್ಲಿದೆ. ತಂದಾಗ ತುಂಬ ಹೂವಿತ್ತು. ಈಗ ಹೊಸ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಎರೆಗೊಬ್ಬರ ಹಾಕಿದೆವು, ಮೊಟ್ಟೆ ಚಿಪ್ಪಿನ ಪುಡಿ ಹಾಕಿದೆವು, ಹಳದಿ ಇನ್ನೂ ಹೆಚ್ಚಾಯಿತು. ಹಾಕುವುದು ಬೋರ್‌ವೆಲ್ ನೀರು. — ಓದುಗರು, ಬೆಂಗಳೂರು

ಉತ್ತರ: ಹಳದಿ ಹೊಸ ಎಲೆಯಲ್ಲಿದೆಯೋ ಹಳೆಯ ಎಲೆಯಲ್ಲಿದೆಯೋ ಎಂಬುದರಲ್ಲೇ ಅರ್ಧ ಉತ್ತರ ಇದೆ. ಕೆಳಗಿನ ಹಳೆಯ ಎಲೆ ನರದ ಸಮೇತ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಹಸಿರು ಬಲೆಯಂತೆ ಉಳಿದರೆ ಕಬ್ಬಿಣದ ಕೊರತೆ. ನಿಮ್ಮದು ಎರಡನೆಯದು. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಪಿಎಚ್ ಏರಿದ್ದರಿಂದ ಬೇರಿಗೆ ಅದು ಸಿಗುತ್ತಿಲ್ಲ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ದಿನಾ ಸ್ವಲ್ಪಸ್ವಲ್ಪವೇ ಕುಂಡದ ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಪದರವೇ ಕುಂಡದಲ್ಲೂ ಕಟ್ಟುತ್ತಿದೆ. ಮೊಟ್ಟೆ ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣವೇ. ಅದರ ಮೇಲೆ ಎರೆಗೊಬ್ಬರ; ಮಾರುಕಟ್ಟೆಯಲ್ಲಿ ಸಿಗುವ ಎರೆಗೊಬ್ಬರದ ಪಿಎಚ್ ಅನೇಕ ಸಲ 7ರ ಮೇಲಿರುತ್ತದೆ. ಔಷಧಿ ಎಂದು ಹಾಕಿದ್ದೆಲ್ಲ ರೋಗದ ಕಡೆಗೇ ನಿಂತಿದೆ.

ಮೊದಲು ಚಿಪ್ಪಿನ ಪುಡಿ ಇರುವ ಮೇಲಿನ ಒಂದೆರಡು ಸೆಂಟಿಮೀಟರ್ ಮಣ್ಣನ್ನು ಕೈಬೆರಳಿನಿಂದಲೇ ತೆಗೆಯಿರಿ. ಕುರ್ಪಿ ಹಾಕಬೇಡಿ. ಅಜೇಲಿಯಾ ಬೇರು ಕೂದಲಿನಷ್ಟು ಸಣ್ಣ, ಮೇಲ್ಪದರದಲ್ಲೇ ಹೆಣೆದುಕೊಂಡಿರುತ್ತದೆ, ಒಮ್ಮೆ ಕೆದಕಿದರೆ ಗಿಡ ಚೇತರಿಸಿಕೊಳ್ಳಲು ತಿಂಗಳು ಹಿಡಿಯುತ್ತದೆ. ಆಮೇಲೆ ಮಳೆನೀರು ಅಥವಾ ಆರ್‌ಒ ಶುದ್ಧ ನೀರನ್ನು ಕುಂಡದ ಅಳತೆಯ ಎರಡು ಪಟ್ಟು ನಿಧಾನವಾಗಿ ಸುರಿದು ಕೆಳಗಿನ ತೂತಿನಿಂದ ಹರಿದು ಹೋಗಲು ಬಿಡಿ. ಮಾರನೆಯ ದಿನ ಕಬ್ಬಿಣದ ಚೀಲೇಟ್, ಅಂದರೆ ಕಬ್ಬಿಣ ಬೇರಿಗೆ ಸಿಗುವಂತೆ ಹಿಡಿದಿಟ್ಟ ಗೊಬ್ಬರ, ಕೊಡಿ. ಇಲ್ಲಿ ಅಂಗಡಿಯವರು ಕೈಗೆ ಕೊಟ್ಟದ್ದನ್ನು ತರಬೇಡಿ, ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದಿರಬೇಕು. ಇಡಿಟಿಎ ರೂಪದ್ದು ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಕಬ್ಬಿಣದ ಹಿಡಿತ ಬಿಡುತ್ತದೆ, ದುಡ್ಡು ದಂಡ. ಲೀಟರ್ ನೀರಿಗೆ 1 ಗ್ರಾಂ ಕರಗಿಸಿ, 10 ಇಂಚಿನ ಕುಂಡಕ್ಕೆ ಆ ಒಂದು ಲೀಟರನ್ನು ಸಂಜೆ ಹೊತ್ತು ಬುಡಕ್ಕೆ ಹಾಕಿ. ಎರಡು ಮೂರು ವಾರದಲ್ಲಿ ಹೊಸ ಚಿಗುರು ಹಸಿರಾಗಿ ಬಂದರೆ ದಾರಿ ಸರಿ ಇದೆ. ಈಗಾಗಲೇ ಬಿಳಿಚಿಕೊಂಡ ಎಲೆ ಪೂರ್ತಿ ಹಸಿರಾಗದೇ ಇರಬಹುದು, ಅದನ್ನು ನೋಡಿ ಮತ್ತೆ ಮತ್ತೆ ಹಾಕಬೇಡಿ. ಬೇಕಾದರೆ ತಿಂಗಳ ಮೇಲೆ ಇನ್ನೊಂದು ಸಲ.

ಚೀಲೇಟ್ ಸಿಗದಿದ್ದರೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರಿಗೆ 2 ಗ್ರಾಂ, ಜೊತೆಗೆ ಅರ್ಧ ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಸಂಜೆ ಎಲೆಗಳ ಮೇಲೆ ಸಿಂಪಡಿಸಬಹುದು. ಸುಣ್ಣ ಸೇರಿದ ಮಣ್ಣಿಗೆ ಅನ್ನಭೇದಿ ಹಾಕಿ ಪ್ರಯೋಜನವಿಲ್ಲ, ಅದು ಬೇಗನೆ ತುಕ್ಕಾಗಿ ಕೂರುತ್ತದೆ. ಹೂವಿರುವಾಗ ಸಿಂಪಡಿಸಿದರೆ ಹೂ ಕಲೆಯಾಗುತ್ತದೆ, ತಾರಸಿಯ ಟೈಲ್ಸ್ ಮೇಲೆ ಬಿದ್ದರೆ ಆ ಕಂದು ಕಲೆ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿ ಮತ್ತೆ ಅದೇ ನೀರು ಹಾಕಿದರೆ ಮೂರು ತಿಂಗಳಿಗೆ ಮತ್ತೆ ಹಳದಿ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. 200 ಲೀಟರಿನ ಒಂದು ಡ್ರಮ್ ಮೂರು ಕುಂಡಗಳಿಗೆ ಸುಮಾರು ಎರಡು ತಿಂಗಳು ಬರುತ್ತದೆ. ಸಿಮೆಂಟ್ ತಾರಸಿಯನ್ನು ತೊಳೆದು ಬರುವ ಮೊದಲ ಮಳೆಯ ನೀರನ್ನು ಮಾತ್ರ ಬಿಟ್ಟುಬಿಡಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಬೇಡವೇ ಬೇಡ, ಶೋಧಿಸಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಸಾಫ್ಟನರ್ ದಾಟಿ ಬಂದ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದೂ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ 10 ಲೀಟರ್ ಬೋರ್‌ವೆಲ್ ನೀರಿಗೆ ಸುಮಾರು 2.5 ಗ್ರಾಂ, ಅಂದರೆ ಅರ್ಧ ಟೀ ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಪಿಎಚ್ ಕಾಗದ ಅದ್ದಿ ನೋಡಿ. 5.5ರಿಂದ 6ಕ್ಕೆ ಬಂದರೆ ಸಾಕು. ನೀರು ಎಷ್ಟು ಗಡಸೋ ಅದರ ಮೇಲೆ ಈ ಅಳತೆ ಹೆಚ್ಚುಕಡಿಮೆ ಆಗುತ್ತದೆ, ಕಾಗದ ಇಲ್ಲದೆ ಅಂದಾಜಿನ ಮೇಲೆ ಹಾಕಬೇಡಿ. ಇದು ಬೇಸಿಗೆ ದಾಟಿಸುವ ಉಪಾಯ ಅಷ್ಟೇ: ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಸಿಡ್ಡನ್ನು ಅರಗಿಸಿಕೊಂಡ ಮೇಲೆ ಅದರ ಗುಣ ಉಳಿಯುವುದಿಲ್ಲ.

ಹೂ ಮುಗಿದ ಮೇಲೆ ಕುಂಡ ಬದಲಿಸುವಾಗ ತೊಳೆದ ಕೊಕೊಪೀಟ್ 2 ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ 2 ಪಾಲು, ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲು) ಅಥವಾ ಹಸಿ ಭತ್ತದ ಹೊಟ್ಟು 1 ಪಾಲು ಬೆರೆಸಿ. ಸುಟ್ಟ ಹೊಟ್ಟಿನಲ್ಲಿ ಬೂದಿಯ ಕ್ಷಾರ ಇರುತ್ತದೆ, ಬೇಡ. ಕೊಕೊಪೀಟನ್ನು ಎರಡು ಮೂರು ನೀರಿನಲ್ಲಿ ತೊಳೆಯದಿದ್ದರೆ ಅದರ ಉಪ್ಪೇ ಬೇರು ಸುಡುತ್ತದೆ. ಕುಂಡ ಆಳಕ್ಕಿಂತ ಅಗಲ ಹೆಚ್ಚಿರುವುದು ಇರಲಿ, ಸಿಮೆಂಟಿನದು ಬೇಡ.

ಪ್ರಶ್ನೆ: ಅಜೇಲಿಯಾಕ್ಕೆ ಹುಳಿ ಬೇಕಲ್ಲ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ದಿನಾ ಹಾಕಬಹುದೇ? ಹುಳಿ ಮಜ್ಜಿಗೆ? — ಓದುಗರು, ಮೈಸೂರು

ಉತ್ತರ: ಹುಳಿ ಡಿಕಾಕ್ಷನ್ನಿನ ಜೊತೆ ಇಳಿದು ಹೋಗಿರುತ್ತದೆ, ಉಳಿದ ಚರಟ ಹೆಚ್ಚುಕಡಿಮೆ ತಟಸ್ಥ. ದಿನಾ ಹಾಕಿದರೆ ಮೇಲೆ ಹೆಪ್ಪುಗಟ್ಟಿ ನೀರು ಇಳಿಯುವುದಿಲ್ಲ, ಬೂಸು ಬರುತ್ತದೆ. ಕಾಂಪೋಸ್ಟ್ ಗುಂಡಿಗೆ ಹಾಕಿ, ಕಳಿತ ಮೇಲೆ ಬಳಸಿ. ಮಜ್ಜಿಗೆಯಿಂದ ವಾಸನೆ, ಇರುವೆ, ಉಪ್ಪು ಹಾಕಿದ್ದಾದರೆ ಬೇರಿಗೂ ಕೆಡುಕು. ಬೇಡ.

ಪ್ರಶ್ನೆ: ಗಿಡ ಸೊಂಪಾಗಿದೆ, ಎಲೆ ಹಸಿರಾಗಿದೆ, ಆದರೆ ಎರಡನೇ ವರ್ಷದಿಂದ ಹೂವಿಲ್ಲ. ಒಂದಿಷ್ಟು ಮೊಗ್ಗು ಬಂದರೂ ಕಂದಾಗಿ ಒಣಗುತ್ತದೆ. — ಓದುಗರು, ಬೆಂಗಳೂರು

ಉತ್ತರ: ನರ್ಸರಿಯಲ್ಲಿ ಕುಂಡದ ತುಂಬ ಮುದ್ದೆ ಮುದ್ದೆ ಹೂ ಬಿಟ್ಟು ನಿಂತಿರುವ, ಇಮ್ಮಡಿ ಎಸಳಿನ ಗಿಡ್ಡ ತಳಿಗಳು ತಂಪು ಬೇಡುವಂಥವು. ಮೊಗ್ಗು ಕಟ್ಟಲು ಹದವಾದ ಬೆಚ್ಚನೆ ಬೇಕು, ಕಟ್ಟಿದ ಮೊಗ್ಗು ಒಟ್ಟಿಗೆ ಅರಳಲು ಹಲವು ವಾರ 10 ಡಿಗ್ರಿಗಿಂತ ಕಡಿಮೆ ಚಳಿ ಬೇಕು. ಊಟಿಯಲ್ಲಿ ಅದು ತಾನಾಗಿಯೇ ಸಿಗುತ್ತದೆ. ಬೆಂಗಳೂರಿನ ಚಳಿಗಾಲದ ರಾತ್ರಿ 15 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ ಅಲ್ಲೊಂದು ಇಲ್ಲೊಂದು ಹೂ ಬಂದರೆ ಅದು ನಿಮ್ಮ ಆರೈಕೆಯ ದೋಷವಲ್ಲ. ಬೆಂಗಳೂರಿನಲ್ಲಿ ಹೊಸದಾಗಿ ಕೊಳ್ಳುವವರು ಒಂಟಿ ಎಸಳಿನ, ದೊಡ್ಡ ಎಲೆಯ, ಎತ್ತರ ಬೆಳೆಯುವ ಇಂಡಿಕಾ ಮಾದರಿ ಕೇಳುವುದು ಜಾಣತನ. ಅವಕ್ಕೆ ಚಳಿ ಕಡಿಮೆ ಸಾಕು.

ಇರುವ ಗಿಡಕ್ಕೆ ಮಾಡಬಹುದಾದ್ದು ಇಷ್ಟು. ನವೆಂಬರ್ ಕೊನೆಯಿಂದ ಜನವರಿವರೆಗೆ ಕುಂಡವನ್ನು ಬಿಸಿಲು ಹೀರಿದ ಗೋಡೆಯಿಂದ ದೂರ, ರಾತ್ರಿ ಇಬ್ಬನಿ ಬೀಳುವ ಬಯಲಿನಲ್ಲಿಡಿ. ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಸಾಕು. ಮೊಗ್ಗು ಕಂದಾಗುವುದಕ್ಕೆ ಮುಖ್ಯ ಕಾರಣ ನಡುವೆ ಒಮ್ಮೆ ಬೇರಿನ ಉಂಡೆ ಒಣಗಿರುವುದು. ಕೊಕೊಪೀಟ್ ಅಥವಾ ಪೀಟ್ ಪೂರ್ತಿ ಒಣಗಿದರೆ ಮೇಲೆ ಹಾಕಿದ ನೀರು ಕುಂಡದ ಅಂಚಿನಿಂದ ಇಳಿದು ಹೋಗುತ್ತದೆ, ನಡುವಿನ ಉಂಡೆ ಒಣಗಿಯೇ ಇರುತ್ತದೆ. ಕುಂಡ ಎತ್ತಿ ನೋಡಿ. ಹಗುರವಾಗಿದ್ದರೆ ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ, ಸುಮಾರು ಅರ್ಧ ಗಂಟೆ, ಮುಳುಗಿಸಿಟ್ಟು ತೆಗೆಯಿರಿ.

ಇನ್ನೊಂದು ಸೂಕ್ಷ್ಮ. ದಪ್ಪ ಮೊಗ್ಗಿನ ಬುಡದಲ್ಲಿ ಎರಡು ಮೂರು ಎಳೆ ಚಿಗುರು ಮೊಗ್ಗನ್ನು ಸುತ್ತುವರಿದು ಮೇಲೇಳುತ್ತವೆ. ಬಿಟ್ಟರೆ ಗಿಡದ ಶಕ್ತಿಯೆಲ್ಲ ಅವಕ್ಕೆ ಹೋಗಿ ಮೊಗ್ಗು ಬತ್ತುತ್ತದೆ. ಅರ್ಧ ಇಂಚಿರುವಾಗಲೇ ಪಕ್ಕಕ್ಕೆ ಬಾಗಿಸಿದರೆ ಪಟ್ಟನೆ ಕಳಚಿ ಬರುತ್ತವೆ. ಮೊಗ್ಗು ಕಾಣಿಸಿಕೊಂಡ ಮೇಲೆ ಸಾರಜನಕ ಗೊಬ್ಬರ ನಿಲ್ಲಿಸಿದರೆ ಈ ಕಾಟವೂ ಕಡಿಮೆ.

ಪ್ರಶ್ನೆ: ಮನೆಯ ಮುಂದೆ ಗೋಡೆಯುದ್ದಕ್ಕೂ ಅಜೇಲಿಯಾ ಸಾಲು ಹಾಕಬೇಕೆಂದಿದ್ದೇವೆ. ತೋಟದ ಮಣ್ಣು ಬೇಕಾದಷ್ಟಿದೆ. ಹಿಂದೆ ಒಮ್ಮೆ ನೆಟ್ಟಿದ್ದೆವು, ಜುಲೈ ಮಳೆಯಲ್ಲಿ ಎಲೆ ಜೋತುಬಿದ್ದು ಗಿಡಗಳು ಸತ್ತವು. — ಓದುಗರು, ಮಡಿಕೇರಿ

ಉತ್ತರ: ಮಣ್ಣು ತೇವವಿದ್ದೂ ಎಲೆ ಜೋತುಬೀಳುವುದು, ಒಣಗಿದ ಎಲೆ ಉದುರದೆ ಗಿಡದಲ್ಲೇ ನೇತಾಡುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ತರುವ ಬೇರುಕೊಳೆಯ ಗುರುತು. ಸತ್ತ ಗಿಡ ಕಿತ್ತಾಗ ಬೇರು ಬಿಳಿಯ ಬದಲು ಕಂದಾಗಿ, ಹೊರಸಿಪ್ಪೆ ಕೈಗೆ ಜಾರಿ ಬಂದಿದ್ದರೆ ಸಂಶಯವಿಲ್ಲ. ಜೋತುಬಿದ್ದ ಎಲೆ ಕಂಡು ಇನ್ನಷ್ಟು ನೀರು ಹಾಕುವುದು ಇಲ್ಲಿ ಆಗುವ ತಪ್ಪು. ಹಿಡಿದ ಮೇಲೆ ಗಿಡ ಉಳಿಯುವುದು ಅಪರೂಪ, ಬರದಂತೆ ನೋಡಿಕೊಳ್ಳುವುದೇ ದಾರಿ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಕಡೆ ಗುಂಡಿ ತೋಡಿ ನೆಡಬಾರದು, ದಿಣ್ಣೆ ಮಾಡಿ ನೆಡಬೇಕು. ನೆಲಮಟ್ಟಕ್ಕಿಂತ 25–30 ಸೆಂ.ಮೀ. ಎತ್ತರ, ಒಂದು ಮೀಟರ್ ಅಗಲ ಏರಿಸಿ. ಬೇರಿನ ಉಂಡೆಯ ನೆತ್ತಿ ದಿಣ್ಣೆಯ ಮಟ್ಟಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆಯೇ ನಿಲ್ಲಲಿ, ಮಣ್ಣು ಕುಸಿದಾಗ ಸರಿಹೋಗುತ್ತದೆ. ಹಳೆಯ ಗಿಡ ಸತ್ತ ಜಾಗದಲ್ಲೇ ಮತ್ತೆ ಹಾಕಬೇಡಿ, ರೋಗದ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆ.

ಕೊಡಗಿನ ಕೆಂಪು ಮಣ್ಣು ಸಹಜವಾಗಿ ಹುಳಿ, ಅಜೇಲಿಯಾಕ್ಕೆ ಹೇಳಿ ಮಾಡಿಸಿದ್ದು. ಆದರೆ ಕಾಫಿ ತೋಟಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಹಾಕುತ್ತೀರಲ್ಲ, ಆ ಮಣ್ಣು ಬೇಡ. ಸುಣ್ಣ ಬೀಳದ ಬಾಣೆಯ (ಗದ್ದೆಗೆ ಸೇರಿದ ಕಾಡು, ಹುಲ್ಲಿನ ಜಾಗ) ಅಂಚಿನಿಂದ ತನ್ನಿ. ಅದಕ್ಕೆ ಮೂರನೇ ಒಂದು ಪಾಲು ಕಳಿತ ದರಗು ಸೇರಿಸಿ. ಗೋಡೆ ಹೊಸದಾಗಿದ್ದರೆ ಗಾರೆಯ ಸುಣ್ಣ ಮಳೆಗೆ ಇಳಿದು ಪಕ್ಕದ ಮಣ್ಣಿಗೆ ಸೇರುತ್ತದೆ, ಕೊನೇಪಕ್ಷ ಮುಕ್ಕಾಲು ಮೀಟರ್ ಬಿಟ್ಟು ಸಾಲು ಹಿಡಿಯಿರಿ. ಸೂರಿನ ನೀರು ಗಿಡದ ಮೇಲೆ ಬೀಳದಿರಲಿ.

ನೆಟ್ಟ ಮೇಲೆ ಸಿಲ್ವರ್ ಓಕ್ ಮರದ ಎಲೆಯನ್ನು 5–7 ಸೆಂ.ಮೀ. ದಪ್ಪ ಹೊದಿಸಿ, ಕಾಂಡದ ಸುತ್ತ ನಾಲ್ಕು ಬೆರಳು ಬಿಡಿ. ಕಳೆಯನ್ನು ಕೈಯಲ್ಲಿ ಕೀಳಬೇಕು, ಗುದ್ದಲಿ ಆಡಿಸಬಾರದು. ಗೊಬ್ಬರ ವಿಷಯದಲ್ಲಿ ಇದು ಅಲ್ಪತೃಪ್ತ ಗಿಡ: ಹೂ ಮುಗಿದ ಮೇಲೆ ಚದರ ಮೀಟರಿಗೆ 20–30 ಗ್ರಾಂ ಅಮೋನಿಯಂ ಸಲ್ಫೇಟ್, ಹೊದಿಕೆ ಸರಿಸಿ ಚೆಲ್ಲಿ ನೀರು ಹಾಕಿದರೆ ಆಯಿತು. ನೈಟ್ರೇಟ್ ಗೊಬ್ಬರ ಇದಕ್ಕೆ ಒಗ್ಗುವುದಿಲ್ಲ. ಕೋಳಿಗೊಬ್ಬರ, ಮೂಳೆಹಿಟ್ಟು, ಒಲೆಬೂದಿ ಹತ್ತಿರವೂ ಬರಬಾರದು.

ಪ್ರಶ್ನೆ: ಅಜೇಲಿಯಾ ಯಾವಾಗ ಸವರಬೇಕು? ಕಟಿಂಗ್ ಹಾಕಿದರೆ ಬರುತ್ತದೆಯೇ? — ಓದುಗರು, ಚಿಕ್ಕಮಗಳೂರು

ಉತ್ತರ: ಹೂ ಬಾಡಿದ ಮೂರು ನಾಲ್ಕು ವಾರದೊಳಗೆ. ಆಮೇಲೆ ಬರುವ ಚಿಗುರಿನ ತುದಿಯಲ್ಲೇ ಮುಂದಿನ ಹೂವಿನ ಮೊಗ್ಗು ಕೂರುತ್ತದೆ. ಮಳೆಗಾಲ ಮುಗಿಯಿತೆಂದು ಅಕ್ಟೋಬರಿನಲ್ಲಿ ಬೇಲಿಯಂತೆ ಸಮ ಮಾಡಿದರೆ ಒಂದು ವರ್ಷದ ಹೂವನ್ನೇ ಕತ್ತರಿಸಿ ಎಸೆದಂತೆ. ತೀರಾ ಕಡ್ಡಿಯಾಗಿ ಎತ್ತರ ಹೋದ ಹಳೆಯ ಗಿಡವನ್ನು ಒಂದೂವರೆ ಅಡಿಗೆ ಇಳಿಸಬಹುದು, ಬರಿ ಕಾಂಡದಿಂದಲೂ ಚಿಗುರುತ್ತದೆ. ಆ ವರ್ಷ ಹೂ ಕೇಳಬೇಡಿ.

ಕಟಿಂಗ್‌ಗೆ ನಿಮ್ಮೂರಿನಲ್ಲಿ ಜೂನ್–ಜುಲೈ ಸರಿಯಾದ ಕಾಲ. ಆ ವರ್ಷದ ಚಿಗುರು ಬುಡದಲ್ಲಿ ಕಂದಾಗಲು ಶುರುವಾಗಿ, ಬಗ್ಗಿಸಿದರೆ ಪಟ್ಟನೆ ಮುರಿಯುವ ಹದದಲ್ಲಿರಬೇಕು. 6–8 ಸೆಂ.ಮೀ. ಉದ್ದ ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು, ತುದಿಯಲ್ಲಿ ಮೊಗ್ಗಿದ್ದರೆ ಚಿವುಟಿ. ಬುಡದ ಒಂದು ಬದಿಯ ಸಿಪ್ಪೆಯನ್ನು ಒಂದು ಸೆಂ.ಮೀ. ಕೆರೆದು, 1000–2000 ಪಿಪಿಎಂ ಐಬಿಎ ಬೇರು ಪುಡಿ ಅದ್ದಿ. ಕೊಕೊಪೀಟ್, ಪರ್ಲೈಟ್ ಸಮ ಸಮ ಬೆರೆಸಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಮಾಡಿ ಊರಿ. ಮೇಲೆ ಪಾರದರ್ಶಕ ಪಾಲಿಥೀನ್ ಚೀಲ, ಎಲೆಗೆ ತಾಗದಂತೆ. ನೇರ ಬಿಸಿಲು ಬಿದ್ದರೆ ಚೀಲದೊಳಗೆ ಬೆಂದುಹೋಗುತ್ತವೆ. ಎಂಟು ಹತ್ತು ವಾರಕ್ಕೆ ಬೇರು. ಬಂದಿದೆಯೇ ಎಂದು ಎಳೆದು ನೋಡುವ ಚಪಲ ಬೇಡ, ಹೊಸ ಚಿಗುರು ಹೊರಟರೆ ಬಂದಂತೆ.

ಪ್ರಶ್ನೆ: ಕೆಲವು ಎಲೆಗಳು ಊದಿಕೊಂಡು, ದಪ್ಪಗೆ, ತಿಳಿ ಹಸಿರಾಗಿ, ಆಮೇಲೆ ಮೇಲೆ ಹಿಟ್ಟು ಬಳಿದಂತೆ ಬೆಳ್ಳಗಾಗುತ್ತವೆ. — ಓದುಗರು, ಸಕಲೇಶಪುರ

ಉತ್ತರ: ಇದು ಎಕ್ಸೊಬೆಸಿಡಿಯಂ ಎಂಬ ಶಿಲೀಂಧ್ರ ತರುವ ಎಲೆಗಂಟು. ಚಹಾ ತೋಟದವರು ಬಲ್ಲ ಬ್ಲಿಸ್ಟರ್ ಬ್ಲೈಟ್ ಇದೇ ಜಾತಿಯ ಇನ್ನೊಂದು ಶಿಲೀಂಧ್ರದ್ದು. ಮಂಜು, ಜಡಿಮಳೆ, ಗಾಳಿಯಾಡದ ನೆರಳು ಇದಕ್ಕೆ ಪ್ರಿಯ. ನೋಡಲು ಭಯವಾದರೂ ಗಿಡ ಸಾಯುವುದಿಲ್ಲ. ಆ ಬಿಳಿ ಪದರವೇ ಬೀಜಕ, ಅದು ಬರುವ ಮುಂಚೆ, ಗಂಟು ಇನ್ನೂ ಹಸಿರಿರುವಾಗಲೇ ಚಿವುಟಿ ಚೀಲಕ್ಕೆ ಹಾಕಿ ಸುಡಿ ಅಥವಾ ಆಳವಾಗಿ ಹೂಳಿ. ಬುಡದಲ್ಲಿ ಉದುರಿಸಿದರೆ ಮುಂದಿನ ಚಿಗುರಿಗೆ ನೀವೇ ಬಿತ್ತಿದಂತೆ. ಒಳಗಿನ ಒಣ ಕಡ್ಡಿ ತೆಗೆದು ಗಾಳಿ ಆಡಲು ಬಿಡಿ, ಎಲೆಯ ಮೇಲೆ ನೀರು ಹಾಕಬೇಡಿ.

ಪ್ರಶ್ನೆ: ಮನೆಯ ಪಶ್ಚಿಮಕ್ಕಿರುವ ಅಜೇಲಿಯಾಗಳ ಎಲೆ ಬೇಸಿಗೆಯಲ್ಲಿ ಬೆಳ್ಳಗೆ ಚುಕ್ಕೆಚುಕ್ಕೆಯಾಗಿ ಮಂಕಾಗುತ್ತವೆ. ಇಲ್ಲಿನ ಮಣ್ಣು ಹುಳಿಯೇ. — ಓದುಗರು, ನ್ಯೂಜೆರ್ಸಿ

ಉತ್ತರ: ಎಲೆ ಮಗುಚಿ ನೋಡಿ. ಕೆಳಗೆ ವಾರ್ನಿಷ್ ಹನಿಯಂತೆ ಹೊಳೆಯುವ ಕಪ್ಪು ಚುಕ್ಕೆಗಳಿದ್ದರೆ ಅದು ಅಜೇಲಿಯಾ ಲೇಸ್ ಬಗ್ ಎಂಬ ಕೀಟ ಹಾಕಿದ ಹಿಕ್ಕೆ. ಚುಕ್ಕೆ ಇಲ್ಲದೆ ಸಣ್ಣ ಬಲೆ ಇದ್ದರೆ ನುಸಿ. ಲೇಸ್ ಬಗ್ ಮೊಟ್ಟೆ ಎಲೆಯ ನಡುನರದೊಳಗೆ ಚಳಿಗಾಲ ಕಳೆದು ವಸಂತದಲ್ಲಿ ಒಡೆಯುತ್ತದೆ. ಆ ಮೊದಲ ಪೀಳಿಗೆಯ ರೆಕ್ಕೆಯಿಲ್ಲದ ಮರಿಗಳಿರುವಾಗಲೇ, ಮೇ ತಿಂಗಳಲ್ಲಿ, ಕೀಟನಾಶಕ ಸಾಬೂನು ಅಥವಾ ಬೇವಿನೆಣ್ಣೆಯನ್ನು ಎಲೆಯ ಕೆಳಗೆ ತಾಗುವಂತೆ ವಾರ ಹತ್ತು ದಿನದ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಿ. ಮೇಲೆ ಸಿಂಪಡಿಸಿದರೆ ಕೀಟಕ್ಕೆ ತಾಗುವುದೇ ಇಲ್ಲ. ಬುಡಕ್ಕೆ ಹಾಕುವ ಇಮಿಡಾಕ್ಲೊಪ್ರಿಡ್ ಕೀಟನಾಶಕ ಹೂವಿನ ಮಕರಂದಕ್ಕೂ ಏರುತ್ತದೆ, ಜೇನುನೊಣಕ್ಕೆ ಅಪಾಯ. ಗಿಡ ಮಧ್ಯಾಹ್ನದ ಬಿಸಿಲು ಬೀಳುವ ಜಾಗದಲ್ಲಿರುವಷ್ಟು ಕಾಲ ಈ ಕೀಟ ಪ್ರತಿ ವರ್ಷ ಬರುತ್ತದೆ, ಗಿಡವನ್ನು ಪೂರ್ವಕ್ಕೋ ಮರದ ತೆಳು ನೆರಳಿಗೋ ಬದಲಿಸುವುದು ಮೇಲು.

ಪ್ರಶ್ನೆ: ಶರತ್ಕಾಲದಲ್ಲಿ ತಂದ ಹೀದರ್ ಒಂದೆರಡು ವರ್ಷದಲ್ಲಿ ನಡುವೆ ಬರಿ ಕಡ್ಡಿಯಾಯಿತು. ಇಲ್ಲಿ ಮಣ್ಣು ಜೇಡಿ, ನಲ್ಲಿ ನೀರು ಗಡಸು. ಮೈಸೂರಿನ ಅಮ್ಮನಿಗೆ ಒಂದು ಗಿಡ ಒಯ್ಯಬಹುದೇ? — ಓದುಗರು, ಲಂಡನ್

ಉತ್ತರ: ಶರತ್ಕಾಲದಲ್ಲಿ ಮಾರುವುದು ಹೆಚ್ಚಾಗಿ ಕಲ್ಲೂನಾ ಎಂಬ ಬಗೆಯ ಹೀದರ್. ನೀಲಿ, ಹಳದಿ ಹೂವಿನದು ಕಂಡರೆ ಅದು ಬಣ್ಣ ಬಳಿದದ್ದು, ಕೊಳ್ಳಬೇಡಿ. ಕಲ್ಲೂನಾಕ್ಕೆ ಸುಣ್ಣ ಸ್ವಲ್ಪವೂ ಆಗದು. ನಿಮ್ಮ ನೀರಿಗೆ, ಮಣ್ಣಿಗೆ ಎರಿಕಾ ಕಾರ್ನಿಯಾ ಎಂಬ ಇನ್ನೊಂದು ಹೀದರ್ ಹೊಂದುತ್ತದೆ, ಸುಣ್ಣವನ್ನು ಸಹಿಸಿಕೊಂಡು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲದಲ್ಲಿ ಹೂ ಬಿಡುತ್ತದೆ. ಚದರ ಮೀಟರಿಗೆ ಐದಾರು ಸಾಕು. ನೆಡುವ ಕ್ರಮ ಅಜೇಲಿಯಾಕ್ಕೆ ತದ್ವಿರುದ್ಧ: ಕೆಳಗಿನ ಎಲೆಗಳು ಮಣ್ಣಿಗೆ ತಾಗುವಷ್ಟು ಆಳಕ್ಕೆ ಇಳಿಸಿ. ನಡು ಬರಿದಾಗುವುದು ಸವರದಿದ್ದರಿಂದ. ಕಾರ್ನಿಯಾವನ್ನು ಹೂ ಮುಗಿದ ತಕ್ಷಣ, ಕಲ್ಲೂನಾವನ್ನು ಮಾರ್ಚ್–ಏಪ್ರಿಲಿನಲ್ಲಿ, ಒಣಗಿದ ಹೂಕಡ್ಡಿಯ ಕೆಳಗೆ ಎಲೆ ಇರುವಲ್ಲಿ ಕತ್ತರಿಸಿ. ಎಲೆ ಇಲ್ಲದ ಹಳೆಯ ಕಡ್ಡಿಗೆ ಕತ್ತರಿ ಹಾಕಿದರೆ ಹೀದರ್ ಮತ್ತೆ ಚಿಗುರುವುದಿಲ್ಲ. ನಿಮ್ಮ ಗಿಡ ಆ ಹಂತ ದಾಟಿದೆ, ಕಿತ್ತು ಹೊಸದು ಹಾಕಿ.

ಅಮ್ಮನಿಗೆ ಬೇಡ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡ ತರುವುದನ್ನು ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶ ನಿಷೇಧಿಸುತ್ತದೆ. ತಂದರೂ ಮೈಸೂರಿನ ಬೇಸಿಗೆಯಲ್ಲಿ ಅದು ಉಳಿಯದು.

ಪ್ರಶ್ನೆ: ಸವರಿದ ಅಜೇಲಿಯಾ ಸೊಪ್ಪನ್ನು ಕೊಟ್ಟಿಗೆಗೆ ಹಾಸಬಹುದೇ? ಇದರ ಜೇನು ವಿಷವಂತೆ, ನಿಜವೇ? — ಓದುಗರು, ಸೋಮವಾರಪೇಟೆ

ಉತ್ತರ: ಕೊಟ್ಟಿಗೆಗೆ ಖಂಡಿತ ಬೇಡ. ಎಲೆ, ಹೂ ಎರಡರಲ್ಲೂ ಗ್ರೇಯಾನೊಟಾಕ್ಸಿನ್ ಎಂಬ ವಿಷವಿದೆ. ಹಸು, ಮೇಕೆ, ನಾಯಿ ಯಾವುದಕ್ಕೂ ಆಗದು, ಮೇಕೆಗಳಂತೂ ಹಸಿರೆಂದರೆ ಬಾಯಿ ಹಾಕುತ್ತವೆ. ಜೇನಿನ ಮಾತು ಸುಳ್ಳಲ್ಲ: ಕ್ರಿ.ಪೂ. 400ರ ಸುಮಾರಿಗೆ ಕಪ್ಪು ಸಮುದ್ರದ ದಂಡೆಯಲ್ಲಿ ಗ್ರೀಕ್ ಸೈನಿಕರು ಅಂಥ ಜೇನು ತಿಂದು ನೆಲಕಚ್ಚಿದ್ದನ್ನು ಅವರ ದಂಡಿನಲ್ಲಿದ್ದ ಲೇಖಕ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಅಲ್ಲಿ ಬೆಟ್ಟವೆಲ್ಲ ರೋಡೊಡೆಂಡ್ರಾನ್. ಹತ್ತಾರು ಬಗೆಯ ಹೂವಿರುವ ಕಾಫಿ ಸೀಮೆಯಲ್ಲಿ ಅಂಗಳದ ನಾಲ್ಕು ಗಿಡದಿಂದ ಜೇನು ಕೆಡುವುದಿಲ್ಲ. ಸವರಿದ್ದನ್ನು ಬೇಲಿಯಾಚೆ ಎಸೆಯದೆ ಗುಂಡಿಯಲ್ಲಿ ಹೂಳಿ. ದನ ತಿಂದದ್ದು ಗೊತ್ತಾದರೆ, ಜೊಲ್ಲು ಸುರಿಸುವುದು, ಹೊಟ್ಟೆನೋವಿಗೆ ಒದ್ದಾಡುವುದು, ತೂರಾಡುವುದು ಕಾಣಿಸಿದರೆ ಕಾಯದೆ ಪಶುವೈದ್ಯರನ್ನು ಕರೆಸಿ, ತಿಂದ ಗಿಡದ ಒಂದು ಟೊಂಗೆಯನ್ನು ಅವರಿಗೆ ತೋರಿಸಿ.